ಸತ್ತವರ ತಾತ್ಕಾಲಿಕ ಸ್ಥಿತಿ

ಸ್ಪ್ಯಾನಿಷ್, ಫ್ರೆಂಚ್, ಪೋರ್ಚುಗೀಸ್ ಮೂರೂ ಲ್ಯಾಟಿನ್ನಿನ ಮಕ್ಕಳಾದ್ದರಿಂದ ಒಂದನ್ನು ಕಲಿತರೆ ಉಳಿದೆರಡು ತಾವಾಗಿಯೇ ಒಲಿಯುತ್ತವೆ ಎನ್ನುವವರುಂಟು. ಒಂದೇ ತವರಿನ ಅಕ್ಕತಂಗಿಯರೂ ಸೇರಿದ ಮನೆಯ ಪದ್ಧತಿಯನ್ನೇ ಹಿಡಿಯುತ್ತಾರೆಂಬುದು, ಮೂರರ ಕ್ರಿಯಾಪದಗಳನ್ನೂ ಒಟ್ಟಿಗೆ ಕಲಿಯಲು ಕುಳಿತವರಿಗಷ್ಟೇ ತಿಳಿಯುತ್ತದೆ.

ಉಡುಪಿಯ ನಮ್ಮ ಮನೆಯಲ್ಲಿ ಮೊದಲ ಗಲಾಟೆ ಎದ್ದದ್ದು ‘ಇರು’ ಎಂಬ ಕ್ರಿಯಾಪದದಿಂದ. ಸ್ಪ್ಯಾನಿಷಿನಲ್ಲಿ ಇದಕ್ಕೆ ‘ಸೆರ್’, ‘ಎಸ್ತಾರ್’ ಎಂದು ಎರಡು ಧಾತುಗಳು. ಸ್ವಭಾವಕ್ಕೆ ಮೊದಲನೆಯದು, ಸದ್ಯದ ಸ್ಥಿತಿಗೆ ಎರಡನೆಯದು ಎನ್ನುವ ಪುಸ್ತಕವೇ, ಮುಂದಿನ ಪುಟದಲ್ಲಿ ಸತ್ತವರಿಗೆ ‘ಎಸ್ತಾರ್’ ಬಳಸಬೇಕೆಂದು ವಿಧಿಸುತ್ತದೆ. ಇದನ್ನು ನಾನು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದಾಗ, ಕಾಗೆ ಓಡಿಸುತ್ತ ಅಂಗಳದಲ್ಲಿ ಹಪ್ಪಳ ಕಾಯುತ್ತಿದ್ದ ಅಮ್ಮ, “ಸಾವು ಸದ್ಯದ ಸ್ಥಿತಿ ಅಂತ ಅವರಿಗೂ ಗೊತ್ತುಂಟಾ ಮಗಾ? ಹಾಗಾದರೆ ಶ್ರಾದ್ಧವೂ ಇರಬೇಕಲ್ಲ?” ಎಂದು ಕೇಳಿದರು. ಕುದುರೆಮುಖ ಎಲ್ಲಿದೆ ಎಂದು ಹೇಳುವುದಕ್ಕೂ ಸ್ಪ್ಯಾನಿಷಿಗೆ ‘ಎಸ್ತಾರ್’ ಬೇಕು. ಬೆಟ್ಟ ನಾಳೆ ಘಟ್ಟವಿಳಿದು ಮಲ್ಪೆಗೆ ಬಂದರೂ ಬಂದೀತೆಂಬ ಮುಂದಾಲೋಚನೆ ಇರಬಹುದು. ಪೋರ್ಚುಗೀಸಿನಲ್ಲಿ ಬೆಟ್ಟಕ್ಕೆ ‘ಸೆರ್’ ಅಥವಾ ‘ಫಿಕಾರ್’ ಸಲ್ಲುವುದರಿಂದ ಅದು ಇದ್ದಲ್ಲೇ ಇರುತ್ತದೆ.

ಫ್ರೆಂಚಿನಲ್ಲಿ ‘ಮಾತಾಡು’ ಎಂಬುದರ ವರ್ತಮಾನಕಾಲದ ರೂಪಗಳು ನಾನು, ನೀನು, ಅವನು, ಅವರು ಎಂಬವಕ್ಕೆ ಬರಹದಲ್ಲಿ ಮೂರು ಬಗೆಯಾದರೂ ಉಚ್ಚಾರದಲ್ಲಿ ‘ಪಾರ್ಲ್’ ಎಂದು ಒಂದೇ. ಬರೆದದ್ದನ್ನು ಓದದೇ ಬಿಡುವ ಈ ಔದಾರ್ಯ, ಒಂದೊಂದು ಒತ್ತಕ್ಷರಕ್ಕೂ ಬೈಸಿಕೊಂಡು ಓದಲು ಕಲಿತ ನಮ್ಮಂಥವರಿಗೆ ಹೊಟ್ಟೆಯುರಿ ತರಿಸುತ್ತದೆ.

ನೆರೆಮನೆಯ ಭಟ್ಟರು ನಿವೃತ್ತ ಸಂಸ್ಕೃತ ಅಧ್ಯಾಪಕರು. “ನಮ್ಮಲ್ಲಿ ಕ್ರಿಯಾಪದದ ಕಾಲ, ಭಾವ ಹೇಳುವ ಲಕಾರವೇ ಹತ್ತು, ಒಂದೊಂದಕ್ಕೆ ಒಂಬತ್ತೊಂಬತ್ತು ರೂಪ, ಇವರದ್ದೇನು ಮಹಾ!” ಎಂದು ಬೇಲಿಯಾಚೆಯಿಂದ ನಗುತ್ತಿದ್ದ ಅವರ ನಗು ನಿಂತದ್ದು ಪೋರ್ಚುಗೀಸಿನ ಒಂದು ಪುಟದ ಮುಂದೆ. ‘ಹೋಗಲು’, ‘ತಲುಪಲು’ ಎಂಬಂಥ, ಸಂಸ್ಕೃತದವರು ತುಮುನ್ನಂತವೆನ್ನುವ ರೂಪಗಳು ಕನ್ನಡದಲ್ಲಾಗಲಿ ಸಂಸ್ಕೃತದಲ್ಲಾಗಲಿ ಯಾರ ಮುಲಾಜಿಗೂ ಬದಲಾಗುವುದಿಲ್ಲ. ಪೋರ್ಚುಗೀಸಿನಲ್ಲಾದರೋ, ನಾವು ತಲುಪಲು ‘ಶೆಗಾರ್ಮುಶ್’, ಅವರು ತಲುಪಲು ‘ಶೆಗಾರೆಂ’ ಎಂದು ಅದಕ್ಕೂ ಪುರುಷಪ್ರತ್ಯಯ ಹತ್ತುತ್ತದೆ. “ತುಮುನ್ನಂತ ಅವ್ಯಯ ಅಲ್ವಾ ಮಾರಾಯ್ರೆ, ಅದಕ್ಕೂ ಬಾಲವಾ?” ಎಂದು ಕನ್ನಡಕ ಸರಿಪಡಿಸಿಕೊಂಡ ಭಟ್ಟರು ಪುಸ್ತಕವನ್ನು ಅಂದೇ ಮನೆಗೆ ಕೊಂಡೊಯ್ದರು. ಈಗ ಅದು ಬೇಕಾದರೆ ನಾನು ಅವರ ಸಂಧ್ಯಾವಂದನೆಗೆ ಮುಂಚೆ ಹೋಗಿ, ಅವರು ಪಾಣಿನಿಯ ಸೂತ್ರಗಳ ಸಮೇತ ಹೇಳುವ ಪೋರ್ಚುಗೀಸ್ ಪಾಠವನ್ನು ಪೂರ್ತಿ ಕೇಳಬೇಕಾಗಿದೆ.