ಸತ್ಯಾಂಶ: ಮಾನಸಿಕ ಕಾಯಿಲೆ ಇರುವವರ ಮಾತಿಗೆ ಅರ್ಥವೇ ಇಲ್ಲವಾ?

‘ಮಾನಸಿಕ ಕಾಯಿಲೆ ಅಂದ್ರೆ ಮೆದುಳಿನ ರಾಸಾಯನಿಕ ಏರುಪೇರು, ಅಷ್ಟೇ. ಅವರ ಮಾತಿಗೆ ಅರ್ಥ ಇರಲ್ಲ, ಕಿವಿಗೊಡಬೇಡಿ.’ ಇಂಥ ಮೆಸೇಜ್ ನಿಮಗೂ ಫಾರ್ವರ್ಡ್ ಆಗಿ ಬಂದಿರಬಹುದು. ಇದು ತಪ್ಪು.

ಮೆದುಳಿನ ಪಾತ್ರ ಖಂಡಿತ ಇದೆ. ಔಷಧಿಯೂ ಎಷ್ಟೋ ಜನರಿಗೆ ಬೇಕು. ಆದರೆ ಸ್ಕಿಜೋಫ್ರೇನಿಯಾವನ್ನು (ಇಲ್ಲದ ದನಿ ಕೇಳಿಸುವುದು, ನಿಜವಲ್ಲದ್ದನ್ನು ಗಟ್ಟಿಯಾಗಿ ನಂಬುವುದು ಮುಂತಾದ ಲಕ್ಷಣಗಳಿರುವ ಮಾನಸಿಕ ಕಾಯಿಲೆ) ರಕ್ತ ಪರೀಕ್ಷೆಯಿಂದ ಪತ್ತೆ ಹಚ್ಚಲು ಆಗುವುದಿಲ್ಲ. ಅದನ್ನು ಗುರುತಿಸಲು ಕಾಯಿಲೆ ಇರುವವರು ಹೇಳುವುದನ್ನು ಕೇಳಲೇಬೇಕು.

ಜರ್ಮನಿಯ ಮನೋವೈದ್ಯ ಕಾರ್ಲ್ ಯಾಸ್ಪರ್ಸ್ 1913ರಲ್ಲೇ ಇದನ್ನು ಬಿಡಿಸಿ ಹೇಳಿದ್ದರು. ಕಾಯಿಲೆಯ ಕಾರಣ ಹುಡುಕುವುದು ಒಂದು ಕೆಲಸ. ಅದು ಒಳಗಿನಿಂದ ಹೇಗಿರುತ್ತದೆ ಎಂದು ತಿಳಿಯುವುದು ಇನ್ನೊಂದು. ಈ ಎರಡನೆಯದಕ್ಕೇ ಫಿನಾಮಿನಾಲಜಿ ಎನ್ನುವುದು.

ಉದಾಹರಣೆಗೆ, ಭ್ರಮೆ ಗಟ್ಟಿಯಾಗುವ ಮೊದಲು ಕೆಲವರಿಗೆ ಸುತ್ತಲಿನದೆಲ್ಲ ಬದಲಾದಂತೆ ಅನಿಸುತ್ತದೆ. ಅದೇ ಕುರ್ಚಿ, ಅದೇ ಗೋಡೆ. ಆದರೂ ಏನೋ ನಡೀತಿದೆ, ಅದು ತನಗೇ ಸಂಬಂಧಪಟ್ಟಿದ್ದು ಎಂಬ ದಿಗಿಲು. ‘ಯಾರೋ ನನ್ನ ಬೆನ್ನು ಹತ್ತಿದ್ದಾರೆ’ ಎಂಬ ನಂಬಿಕೆ ಬಂದಾಗ ಆ ದಿಗಿಲಿಗೆ ಒಂದು ಉತ್ತರ ಸಿಕ್ಕಂತಾಗುತ್ತದೆ. ಆ ಮಾತು ಸುಮ್ನೆ ಬಡಬಡಿಕೆ ಅಲ್ಲ, ಅಲ್ವಾ?

ಕೇಳುವುದು ಅಂದರೆ ಒಪ್ಪಿಕೊಳ್ಳುವುದಲ್ಲ. ವಾದಕ್ಕಿಳಿಯುವ ಬದಲು ‘ಆಗ ನಿಮಗೆ ಹೇಗನಿಸಿತು?’ ಎಂದು ಕೇಳಿ. ಔಷಧಿಯನ್ನು ಮಾತ್ರ ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ.