ಕಣ್ಣು ಹೊಡೆಯುವ ಕಾರು

"ರೀ, ನಿಮ್ಮ ಕಾರು ನನಗೆ ಕಣ್ಣು ಹೊಡೀತಿದೆ ನೋಡಿ" ಅಂದಳು ಹೆಂಡತಿ. ಹೊರಗೆ ಬಂದು ನೋಡಿದರೆ ನಿಜ. ಮುಸ್ಸಂಜೆಯಲ್ಲಿ ಬಲಗಣ್ಣು ಪೂರ್ತಿ ತೆರೆದಿದೆ, ಎಡಗಣ್ಣು ಅರ್ಧಕ್ಕೇ ನಿಂತಿದೆ. ಐವತ್ತು ದಾಟಿದ ಕಾರಿಗೆ ಈ ಚೇಷ್ಟೆಯೆಲ್ಲ ಬೇಕಾ?

ಕಾರು 1972ರ ಕಾರ್ವೆಟ್ ಕೂಪೆ, ಅಂದರೆ ಷೆವರ್ಲೆ ಕಂಪನಿಯ ಎರಡೇ ಸೀಟಿನ ಅಮೆರಿಕನ್ ಸ್ಪೋರ್ಟ್ಸ್ ಕಾರು. ಹುಟ್ಟಿದ್ದು ಸೇಂಟ್ ಲೂಯಿಸ್‌ನಲ್ಲಿ, ಈಗ ಇರುವುದು ಡೆಟ್ರಾಯಿಟ್ ಹತ್ತಿರ ನಮ್ಮ ಮನೆಯ ಗ್ಯಾರೇಜಿನಲ್ಲಿ. ಮುಂದೆ ಹಿಂದೆ ಎರಡೂ ಕಡೆ ಕ್ರೋಮ್ ಬಂಪರ್ ಇದ್ದ ಕೊನೆಯ ವರ್ಷದ್ದು. 1973ರಲ್ಲಿ ಮುಂದಿನದು ಹೋಗಿ ಮೆತ್ತನೆಯ ಮೂತಿ ಬಂತು, ಮರುವರ್ಷ ಹಿಂದಿನದೂ ಹೋಯಿತು. ಡಿಕ್ಕಿ ಇದೆ, ಆದರೆ ಅದಕ್ಕೆ ಬಾಗಿಲಿಲ್ಲ. ಅಕ್ಕಿ ಮೂಟೆ ತಂದರೆ ಸೀಟು ಬಗ್ಗಿಸಿ ಒಳಗಿನಿಂದಲೇ ಹಿಂದಕ್ಕೆ ತಳ್ಳಬೇಕು. ಮೇಲಿನ ಚಾವಣಿ ಎರಡು ಹಲಗೆಗಳಾಗಿ ಬಿಚ್ಚಿಕೊಳ್ಳುತ್ತದೆ, ಹಾಗಾಗಿ ಮಳೆಗೆ ಸೋರುತ್ತದೆ. ತೀರ್ಥಹಳ್ಳಿ ಕಡೆಯ ಹಂಚಿನ ಮನೆಯಲ್ಲಿ ಬೆಳೆದವನಿಗೆ ಅದೇನೂ ಹೊಸದಲ್ಲ ಬಿಡಿ.

ಹಗಲಲ್ಲಿ ಈ ಕಾರಿಗೆ ಕಣ್ಣೇ ಕಾಣುವುದಿಲ್ಲ. ಸ್ವಿಚ್ಚು ಎಳೆದರೆ ಮೂತಿಯೊಳಗಿಂದ ದೀಪಗಳು ಮೇಲೇಳುತ್ತವೆ. ಈಗಿನವರಾದರೆ ಒಂದು ಪುಟ್ಟ ಮೋಟರ್ ಇಟ್ಟಿರುತ್ತಿದ್ದರು. ಇದರಲ್ಲಿ ಮೋಟರ್ ಇಲ್ಲ. ಎಂಜಿನ್ ಉಸಿರು ಒಳಗೆಳೆದುಕೊಳ್ಳುತ್ತದಲ್ಲ, ಆ ಎಳೆತವನ್ನೇ ರಬ್ಬರ್ ಕೊಳವೆಗಳಲ್ಲಿ ತಂದು ಒಂದು ಡಬ್ಬಿಯಲ್ಲಿ ಹಿಡಿದಿಡುತ್ತಾರೆ. ದೀಪ ಏಳಬೇಕಾದಾಗ ಅದನ್ನು ಬಿಡುತ್ತಾರೆ. ಸಾಸಿವೆ ಡಬ್ಬಿಯಲ್ಲಿ ದುಡ್ಡು ಕೂಡಿಡುವ ಅಮ್ಮಂದಿರನ್ನು ನೋಡಿದ್ದೇನೆ. ಡಬ್ಬಿಯಲ್ಲಿ 'ಏನೂ ಇಲ್ಲ'ವನ್ನು ಕೂಡಿಡುವುದನ್ನು ನೋಡಿದ್ದು ಇಲ್ಲೇ. ಸಾಲದ್ದಕ್ಕೆ ವೈಪರನ್ನೂ ಒಂದು ಮುಚ್ಚಳದಡಿ ಬಚ್ಚಿಟ್ಟಿದ್ದಾರೆ. ಆ ಮುಚ್ಚಳ ಏಳುವುದೂ ಇದೇ ಎಳೆತದಿಂದ.

ಹೀಗಾಗಿ ರಿಪೇರಿ ಅಂದರೆ ಇಲ್ಲದ್ದು ಎಲ್ಲಿಂದ ಸೋರಿ ಹೋಗುತ್ತಿದೆ ಎಂದು ಹುಡುಕುವುದು. ಟಯರ್ ಪಂಚರ್ ಆದರೆ ನೀರಲ್ಲಿ ಮುಳುಗಿಸಿ ಗುಳ್ಳೆ ನೋಡಬಹುದು. ಇಲ್ಲಿ ಗಾಳಿ ಹೊರಗೆ ಬರುವುದಿಲ್ಲ, ಒಳಗೆ ಹೋಗುತ್ತದೆ. ಗುಳ್ಳೆಯ ಮಾತೇ ಇಲ್ಲ.

ಶನಿವಾರ ಬೆಳಿಗ್ಗೆ ಬಾನೆಟ್ ಎತ್ತಿದೆ. ದೀಪ ಎತ್ತುವ ದುಂಡನೆಯ ಡಬ್ಬಕ್ಕೆ ಗಾಳಿ ಎಳೆಯುವ ಕೈಪಂಪು ಸಿಕ್ಕಿಸಿ, ಅದರ ಮೀಟರಿನ ಮುಳ್ಳು 15ಕ್ಕೆ ಬರುವವರೆಗೆ ಎಳೆದು, ಕಾಫಿ ಕುಡಿದು ಬಂದೆ. ಮುಳ್ಳು ಅಲ್ಲೇ ಇತ್ತು. ಅಂದರೆ ಡಬ್ಬ ನಿರ್ದೋಷಿ. ಇನ್ನು ಉಳಿದದ್ದು ಕೊಳವೆಗಳು. ಎಷ್ಟು ಅಂತೀರಿ! ಸಂತೆಯ ದಿನದ ಬಸ್ ಸ್ಟ್ಯಾಂಡಿನ ಹಾಗೆ ಎಲ್ಲವೂ ಎಲ್ಲಿಗೋ ಹೊರಟಿವೆ. ಒಂದು ಮೊಳ ಹಳೇ ಕೊಳವೆ ತಗೊಂಡು ಒಂದು ತುದಿ ಕಿವಿಗಿಟ್ಟೆ. ಎಂಜಿನ್ ಓಡುತ್ತಿರುವಾಗಲೇ ಇನ್ನೊಂದು ತುದಿಯನ್ನು ಪ್ರತಿ ಕೀಲಿನ ಹತ್ತಿರ ಹಿಡಿದೆ. ಫ್ಯಾನಿಗೆ ಕೈ ಸಿಗದಂತೆ ಡೊಂಕಾಗಿ ನಿಂತು, ಡಾಕ್ಟರ ಹಾಗೆ ಗಂಭೀರವಾಗಿ. ಪಕ್ಕದ ಮನೆಯವರು ನೋಡಿ ಸುಮ್ನೆ ಒಳಗೆ ಹೋದರು.

ಎಡದೀಪದ ಹಿಂದೆ ಕೊನೆಗೂ ಕೇಳಿಸಿತು. ಸ್ಸ್. ಪಾಯಸ ಬಿಸಿಯಾಗಿದ್ದಾಗ ಮಕ್ಕಳು ಸೊರ್ರೆನ್ನುತ್ತಾರಲ್ಲ, ಅದಕ್ಕಿಂತ ಸಣ್ಣದು. ಕೊಳವೆಯ ತುದಿ ಒಡೆದ ಹಿಮ್ಮಡಿಯಂತಾಗಿತ್ತು. ಅರ್ಧ ಇಂಚು ಕತ್ತರಿಸಿ ಮತ್ತೆ ತಳ್ಳಿ ಕೂರಿಸಿದೆ. ಅರ್ಧ ಇಂಚಿಗೆ ಅರ್ಧ ದಿನ.

ಈ ಕಾರಿನ ಮೈ ತಗಡಲ್ಲ, ಗಾಜಿನ ನಾರು. ತುಕ್ಕು ಹಿಡಿಯುವುದಿಲ್ಲ ಎಂದು ಕೊಳ್ಳುವಾಗ ಹಿಗ್ಗಿದ್ದೆ. ಆದರೆ ಒಳಗಿನ ಚಾಸಿಗೆ, ಗಾಜಿನ ಸುತ್ತಲಿನ ಚೌಕಟ್ಟಿಗೆ ಹಿಡಿಯುತ್ತದೆ, ಅದೂ ಕಣ್ಣಿಗೆ ಕಾಣದ ಹಾಗೆ. ಚಳಿಗಾಲದಲ್ಲಿ ಇಲ್ಲಿನ ರಸ್ತೆಗೆ ಉಪ್ಪು ಸುರಿಯುತ್ತಾರೆ, ಅಷ್ಟೂ ತಿಂಗಳು ಕಾರು ಗ್ಯಾರೇಜಿನಲ್ಲೇ. ತಗಡಿಲ್ಲದ ಮೈಯಲ್ಲಿ ಕರೆಂಟು ವಾಪಸು ಬರುವುದಿಲ್ಲ, ಹಾಗಾಗಿ ಒಂದೊಂದು ಬಲ್ಬಿಗೂ ಬೇರೆ ಅರ್ತ್ ವೈರು. ದೀಪ ಮಂಕಾದರೆ ನಾನು ಬಲ್ಬನ್ನು ಮುಟ್ಟುವುದೇ ಇಲ್ಲ, ಆ ವೈರಿನ ಸ್ಕ್ರೂ ಉಜ್ಜುತ್ತೇನೆ.

ಊರಲ್ಲಿ ಅಪ್ಪನ ಹತ್ತಿರ ಬಜಾಜ್ ಚೇತಕ್ ಇತ್ತು. ಸ್ಟಾರ್ಟ್ ಆಗದಿದ್ದರೆ ಬಲಕ್ಕೆ ಬಗ್ಗಿಸಿ, ಒಂದು ಕ್ಷಣ ಬಿಟ್ಟು ಒದೆಯುತ್ತಿದ್ದರು. ಅದಕ್ಕೂ ಜಗ್ಗದಿದ್ದರೆ ಸಿ.ಬಿ. ಪಾಯಿಂಟಿಗೆ, ಅಂದರೆ ತೆರೆದು ಮುಚ್ಚಿ ಪ್ಲಗ್ಗಿಗೆ ಕಿಡಿ ಹುಟ್ಟಿಸುವ ಪುಟ್ಟ ಸ್ವಿಚ್ಚಿಗೆ, ಎಮರಿ ಪೇಪರ್ ಉಜ್ಜುತ್ತಿದ್ದರು. ಈ ಕಾರಿನಲ್ಲೂ ಪಾಯಿಂಟ್ ಇದೆ ಅಂದಾಗ ಅವರಿಗೆ ಎಷ್ಟು ಖುಷಿ! ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್‌ನ ಮುಚ್ಚಳದಲ್ಲಿ ಒಂದು ಪುಟ್ಟ ಕಿಟಕಿ ಇದೆ. ಎಂಜಿನ್ ಓಡುತ್ತಿರುವಾಗಲೇ ಅದರೊಳಗೆ ಅಲೆನ್ ಕೀ ತೂರಿಸಿ ತಿರುಗಿಸಿದರೆ ಸಾಕು, ಪಾಯಿಂಟ್ ಮುಚ್ಚಿಕೊಂಡಿರುವ ಕೋನ ಮೀಟರಿನಲ್ಲಿ 30 ಡಿಗ್ರಿ ಆಗುವವರೆಗೆ. "ಕಿಟಕಿ ಇಟ್ಟಿದಾರಾ! ಯಾರೋ ರಿಪೇರಿ ಮಾಡಿ ಗೊತ್ತಿದ್ದವನೇ ಮಾಡಿದ್ದು ಬಿಡು" ಅಂದಿದ್ದರು. ನನ್ನ ಎಂಜಿನಿಯರಿಂಗ್ ಡಿಗ್ರಿ ಬಗ್ಗೆ ಅವರು ಇಷ್ಟು ಒಳ್ಳೆಯ ಮಾತಾಡಿದ್ದು ನನಗೆ ನೆನಪಿಲ್ಲ.

ಶನಿವಾರ ರಾತ್ರಿ ಅಪ್ಪನಿಗೆ ವಿಡಿಯೋ ಕಾಲ್ ಹಚ್ಚಿ ಸ್ವಿಚ್ಚು ಎಳೆದೆ. ಎರಡೂ ದೀಪ ಒಟ್ಟಿಗೆ ಎದ್ದವು. "ಮೊದಲೇ ಚೆನ್ನಾಗಿತ್ತು, ಈಗ ಗುರಾಯಿಸ್ತಿದೆ" ಅಂದಳು ಹೆಂಡತಿ.

ಅಪ್ಪ ಮೊಬೈಲಿಗೆ ಮುಖ ಅಂಟಿಸಿಕೊಂಡು ನೋಡಿದರು. "ಸರಿ. ವೈಪರ್ ಹಾಕು ನೋಡೋಣ."

ಹಾಕಿದೆ. ಮುಚ್ಚಳ ಏಳಲಿಲ್ಲ.