ಯಾರ್ಕ್: ಚಾಕಲೇಟ್ ಊರು ಪ್ರವಾಸಿ ಊರಾದದ್ದು ಒಳ್ಳೆಯದಾಯಿತೇ?

ಪರ: ಆ ಕಾಲ ಅಷ್ಟೇನೂ ಚೆನ್ನಾಗಿರಲಿಲ್ಲ

ಇಂಗ್ಲೆಂಡಿನ ಯಾರ್ಕ್‌ನಲ್ಲಿ ಹಳಬರನ್ನು ಮಾತಿಗೆ ಎಳೆದರೆ ಸಾಕು, ಊರು ಮೊದಲಿನ ಹಾಗಿಲ್ಲ ಅನ್ನುತ್ತಾರೆ. ನಿಜ, ಇಲ್ಲ. ಆದರೆ ಮೊದಲು ಹೇಗಿತ್ತು ಅಂತ ಸ್ವಲ್ಪ ನೋಡೋಣ.

ಶ್ಯಾಂಬಲ್ಸ್ ಅನ್ನುವ ಬೀದಿ ಇದೆ. ಮರದ ಮನೆಗಳ ಮೇಲಂತಸ್ತು ಎರಡೂ ಕಡೆಯಿಂದ ಮುಂದಕ್ಕೆ ಚಾಚಿಕೊಂಡು ಆಕಾಶವನ್ನೇ ಮರೆಮಾಡುತ್ತದೆ. ಇಲ್ಲಿ ಈಗ ಹ್ಯಾರಿ ಪಾಟರ್ ಕಥೆಯ ಮಂತ್ರದಂಡ ಮಾರುವ ಅಂಗಡಿಗಳಿವೆ, ಬಾಗಿಲಲ್ಲಿ ಜನರ ಸಾಲು. 1872ರಲ್ಲಿ ಇದೇ ಗಲ್ಲಿಯಲ್ಲಿ 25 ಮಾಂಸದಂಗಡಿಗಳಿದ್ದವು. ಮಾಂಸ ತೂಗುಹಾಕುತ್ತಿದ್ದ ಕೊಕ್ಕೆಗಳು ಕೆಲವು ಕಡೆ ಇನ್ನೂ ಇವೆ. ಕಿಟಕಿ ಕೆಳಗೆ ಮಾಂಸ ಹರಡುತ್ತಿದ್ದ ಅಗಲ ಹಲಗೆಗಳೂ ಇವೆ. ರಕ್ತ, ಕಸ ತೊಳೆದುಹೋಗಲಿ ಅಂತ ಬೀದಿಯ ನಡುಭಾಗ ತಗ್ಗು. ಕೊಕ್ಕೆ ಉಳಿಯಿತು, ರಕ್ತ ಹೋಯಿತು. ಇದಕ್ಕೆ ಯಾಕೆ ಕೊರಗಬೇಕು?

ಇದೇ ಬೀದಿಯ ಒಂದು ಮನೆಯಲ್ಲಿ ಮಾರ್ಗರೆಟ್ ಕ್ಲಿಥರೋಳ ಸ್ಮಾರಕವಿದೆ. ಕಟುಕನ ಹೆಂಡತಿ ಆಕೆ. ಆಗ ನಿಷೇಧಕ್ಕೊಳಗಾಗಿದ್ದ ಕ್ಯಾಥೊಲಿಕ್ ಪಾದ್ರಿಗಳಿಗೆ ಆಸರೆ ಕೊಟ್ಟ ಆರೋಪದ ಮೇಲೆ 1586ರಲ್ಲಿ ಅವಳನ್ನು ಕೊಂದರು. ಮಜಾ ಏನೆಂದರೆ, ಅವಳು ಇದ್ದದ್ದು ಆ ಮನೆಯಲ್ಲಲ್ಲ, ಎದುರು ಸಾಲಿನಲ್ಲಿ ಅಂತ ಆಮೇಲೆ ಗೊತ್ತಾಯಿತು. ಊರಿನ ನೆನಪು ಅಂದರೆ ಹೀಗೇ, ಒಂದೊಂದು ಸಲ ಬಾಗಿಲು ತಪ್ಪುತ್ತದೆ.

ಊರಲ್ಲಿ ಚಾಕಲೇಟ್, ರೈಲು ಬೋಗಿ ಕಾರ್ಖಾನೆಗಳಿದ್ದ ಕಾಲ ಚಿನ್ನದಂಥ ಕಾಲ ಅನ್ನುವವರೂ ಇದ್ದಾರೆ. ಚಾಕಲೇಟ್ ಮಾಲೀಕರ ಮನೆಯ ಮಗ ಸೀಬೋಮ್ ರೌನ್‌ಟ್ರೀ 1899ರಲ್ಲಿ ಕಾರ್ಮಿಕರ ಮನೆ ಮನೆ ಲೆಕ್ಕ ಹಾಕಿಸಿದ. ಊರಿನ ಕಾಲುಭಾಗಕ್ಕಿಂತ ಜಾಸ್ತಿ ಜನ ಬಡತನದಲ್ಲಿದ್ದರು. ರೈಲು ಬೋಗಿ ಕಾರ್ಖಾನೆಯಲ್ಲಿ ದುಡಿದವರು ಎಷ್ಟೋ ಮಂದಿ ಆಸ್ಬೆಸ್ಟಾಸ್ ದೂಳು ಕುಡಿದು ವರ್ಷಗಳ ನಂತರ ಸತ್ತರು. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು.

ಇನ್ನು ಊರ ಸುತ್ತಲಿನ ಕೋಟೆಗೋಡೆ. 1800ರ ಹೊತ್ತಿಗೆ ನಗರಸಭೆಯೇ ಅದನ್ನು ಕೆಡವಲು ಹೊರಟಿತ್ತು. ಜನ ಎದ್ದು ನಿಂತದ್ದಕ್ಕೆ ಮೂರು ಕಿಲೋಮೀಟರಿಗೂ ಜಾಸ್ತಿ ಉಳಿದಿದೆ. ಈಗ ಕೆಡವುವ ಮಾತು ಯಾರೂ ಎತ್ತುವುದಿಲ್ಲ. ಅದನ್ನು ನೋಡಲೆಂದೇ ಜನ ಬರುತ್ತಾರಲ್ಲ! ಸ್ಟೋನ್‌ಗೇಟ್ ಬೀದಿಯಿಂದ 1971ರಲ್ಲಿ ಕಾರುಗಳನ್ನು ಹೊರಗೆ ಹಾಕಿದ್ದೂ ಹಳೇ ಊರನ್ನು ಉಳಿಸುವ ಇದೇ ಯೋಚನೆಯಿಂದ.

ವಿರೋಧ: ಯಾರ ನೆನಪು ಉಳಿಯಿತು?

ಬಡತನ, ಆಸ್ಬೆಸ್ಟಾಸ್ ಎರಡೂ ಸುಳ್ಳಲ್ಲ, ಒಪ್ಪಿದೆ. ರಕ್ತದ ವಾಸನೆ ಬೇಕು ಅಂತ ಯಾರೂ ಕೇಳುತ್ತಿಲ್ಲ. ಕೇಳುತ್ತಿರುವುದು ಬೇರೆ ವಾಸನೆ.

ನಮ್ಮ ಬೀದಿ ಅಂಗಡಿಯಲ್ಲಿ ಸಿಗುವ ಕಿಟ್‌ಕ್ಯಾಟ್ ಹುಟ್ಟಿದ್ದು 1935ರಲ್ಲಿ, ಯಾರ್ಕ್‌ನ ರೌನ್‌ಟ್ರೀ ಕಂಪನಿಯಿಂದ. ಊರಿನ ಇನ್ನೊಂದು ತುದಿಯಲ್ಲಿ ಟೆರೀಸ್ ಕಾರ್ಖಾನೆ. ಕಿತ್ತಳೆ ಹಣ್ಣಿನ ಆಕಾರದ, ಎಳೆ ಎಳೆಯಾಗಿ ಬಿಡಿಸಿ ತಿನ್ನುವ ಚಾಕಲೇಟ್ ಅವರದು. ಗಾಳಿ ಬೀಸಿದ ಕಡೆ ಕೋಕೋ ಘಮಘಮ. ಅಪ್ಪ ಬೋಗಿ ಕಾರ್ಖಾನೆಗೆ, ಅಮ್ಮ ಚಾಕಲೇಟ್ ಡಬ್ಬಿ ತುಂಬಲು. ಎಷ್ಟೋ ಮನೆಗಳ ಸಂಸಾರ ನಡೆದದ್ದು ಹಾಗೆ. 1988ರಲ್ಲಿ ರೌನ್‌ಟ್ರೀ ನೆಸ್ಲೆಯ ಪಾಲಾಯಿತು. 2005ರಲ್ಲಿ ಟೆರೀಸ್ ಬಾಗಿಲು ಹಾಕಿತು, ಕೆಲಸ ಯುರೋಪಿನ ಬೇರೆ ದೇಶಗಳಿಗೆ ಹೋಯಿತು. ಗಡಿಯಾರದ ಗೋಪುರ ಇನ್ನೂ ನಿಂತಿದೆ. ಅದರ ಮುಖದ ಮೇಲೆ ಅಂಕಿಗಳ ಬದಲು ಕಂಪನಿ ಹೆಸರಿನ ಅಕ್ಷರಗಳು. ಪಕ್ಕದ ಕಾರ್ಖಾನೆ ಈಗ ಫ್ಲಾಟ್‌ಗಳು.

ಕಟ್ಟಡ ಉಳಿಯಿತಲ್ಲ, ಇನ್ನೇನು ಅಂತ ಕೇಳಬಹುದು. ಆದರೆ ಈ ಊರು ಏನನ್ನು ಉಳಿಸಿಕೊಳ್ಳುತ್ತದೆ ನೋಡಿ. 1976ರಿಂದ 1981ರವರೆಗೆ ಕಾಪರ್‌ಗೇಟ್ ಬೀದಿಯಲ್ಲಿ ಅಗೆದಾಗ, ಹಿಂದೆ ಉತ್ತರ ಯುರೋಪಿನಿಂದ ಬಂದು ನೆಲೆಸಿದ್ದ ವೈಕಿಂಗರ ಕೇರಿಯೇ ಸಿಕ್ಕಿತು. ಚರ್ಮದ ಬೂಟು, ಬಾಚಣಿಗೆ, ಬೇಲಿ ಹೆಣಿಗೆ ಕೂಡ ಒದ್ದೆ ಮಣ್ಣಿನಲ್ಲಿ ಕೊಳೆಯದೆ ಉಳಿದಿದ್ದವು. 1984ರಲ್ಲಿ ಅದೇ ಜಾಗದಲ್ಲಿ ಯಾರ್ವಿಕ್ ಅನ್ನುವ ವೈಕಿಂಗ್ ಪ್ರದರ್ಶನ ಕೇಂದ್ರ ತೆರೆಯಿತು. ಪುಟ್ಟ ಗಾಡಿಯಲ್ಲಿ ಕೂತರೆ ಸಾವಿರ ವರ್ಷ ಹಿಂದಿನ ಕೇರಿ ಸುತ್ತಿಸುತ್ತಾರೆ. ಕಕ್ಕಸು ಗುಂಡಿಯ ನಾತವನ್ನೂ ಕಷ್ಟಪಟ್ಟು ತಯಾರಿಸಿ ಮೂಗಿಗೆ ಬಿಡುತ್ತಾರೆ. ವೈಕಿಂಗ್ ಒಬ್ಬನ ಮಲವೇ ಗಾಜಿನ ಪೆಟ್ಟಿಗೆಯಲ್ಲಿದೆ. ನನಗೇನೂ ಬೇಜಾರಿಲ್ಲ, ಪಾಪ, ಅವನದೂ ಇರಲಿ. ಆದರೆ ಮೊನ್ನೆ ಮೊನ್ನೆವರೆಗೆ ಇಲ್ಲಿ ದುಡಿದವರ ಬದುಕು ಅಷ್ಟು ಅಕ್ಕರೆಗೆ ಬೀಳಲು ಇನ್ನೂ ಸಾವಿರ ವರ್ಷ ಕಾಯಬೇಕೇ?

2012ರಲ್ಲಿ ಪೇಟೆಯ ನಡುವೆ ಯಾರ್ಕ್‌ನ ಚಾಕಲೇಟ್ ಕಥೆ ಹೇಳುವ ಪ್ರದರ್ಶನವೂ ಶುರುವಾಯಿತು. ಅಲ್ಲಿ ಕಥೆಯ ಜೊತೆ ರುಚಿಯೂ ಸಿಗುತ್ತದೆ. ಆದರೆ ಕಾರ್ಖಾನೆ ಹೋದಮೇಲೆ ಬರುವ ಕಥೆ ಹೊರಗಿನವರಿಗಾಗಿ ಹೇಳುವ ಕಥೆ. ಊರಿನವರಿಗೆ ಬೇಕಾಗಿದ್ದದ್ದು ಮನೆ, ಕೆಲಸ. ಕೋಟೆಯೊಳಗಿನ ಎಷ್ಟೋ ಮನೆಗಳು ವಾರಾಂತ್ಯದ ಬಾಡಿಗೆಗೆ ಹೋಗಿವೆ. ಶನಿವಾರ ಪೇಟೆ ಕಡೆ ತಲೆ ಹಾಕದ ಯಾರ್ಕಿನವರಿದ್ದಾರೆ.

ನೆಸ್ಲೆ ಮಾತ್ರ ಹ್ಯಾಕ್ಸ್‌ಬಿ ರಸ್ತೆಯಲ್ಲಿ ಇಂದಿಗೂ ಕಿಟ್‌ಕ್ಯಾಟ್ ಮಾಡುತ್ತದೆ. ಗಾಳಿ ಆ ಕಡೆಯಿಂದ ಬಂದ ದಿನ ಸುಮ್ನೆ ಬೀದಿಯಲ್ಲಿ ನಡೆದುಹೋಗುವವರಿಗೂ ಘಮ ಸಿಗುತ್ತದೆ. ಅದಕ್ಕೆ ಇನ್ನೂ ಟಿಕೆಟ್ ಇಟ್ಟಿಲ್ಲ.